ಥರ್ಡ್ "ಎ" ಕ್ರಾಸ್ ಎಲ್ಲಿ ಹೋಯ್ತು?

ಕೆಲವು ವರ್ಷಗಳ ಹಿಂದಿನ ಒಂದು ಸೋಮವಾರ. ಕಸ್ಟಮರ್ ಸಪೋರ್ಟಿನ ಹುಡುಗಿ ನನ್ನ ಡೆಸ್ಕಿಗೆ ಬಂದು ಫೋನ್ ಕೈಗಿಟ್ಟಳು. "ಇವರು ಹೇಳ್ತಿರೋದು ನಂಗರ್ಥ ಆಗ್ತಿಲ್ಲ, ನೀನೇ ಮಾತಾಡು" ಅಂದಳು. ಆ ಕಡೆ ಬಸವೇಶ್ವರನಗರದ ಒಬ್ಬ ಹಿರಿಯರು. ಅವರ ಹೆಂಡತಿಯ ಇನ್ಸುಲಿನ್ ಶನಿವಾರ ಬರಬೇಕಿತ್ತು, ಬಂದಿರಲಿಲ್ಲ. ಡೆಲಿವರಿ ಹುಡುಗ ಒಂದು ಸಲ ಫೋನ್ ಮಾಡಿ, ಇವರು ಎತ್ತದೇ ಇದ್ದಾಗ, ವಿಳಾಸ ಸಿಗಲಿಲ್ಲ ಅಂತ ವಾಪಸ್ ಹೋಗಿದ್ದ.

"ಮೂವತ್ತು ವರ್ಷದಿಂದ ಇದೇ ಮನೇಲಿದೀವಮ್ಮ. ಪೋಸ್ಟ್‌ಮ್ಯಾನ್ ಕಣ್ಣು ಮುಚ್ಕೊಂಡು ಬರ್ತಾನೆ. ನಿಮ್ಮವರಿಗೆ ಮಾತ್ರ ಯಾಕೆ ಸಿಗಲ್ಲ?"

ಅವರ ದಾಖಲೆ ತೆಗೆದು ನೋಡಿದೆ. ವಿಳಾಸ ಇರಬೇಕಾದ ಜಾಗದಲ್ಲಿ "#27, ಥರ್ಡ್" ಅಂತಿತ್ತು. ಅಷ್ಟೇ. ಕ್ರಾಸ್ ಇಲ್ಲ, ಸ್ಟೇಜ್ ಇಲ್ಲ, ಬ್ಲಾಕ್ ಇಲ್ಲ. ಹಿಂದಿನ ವಾರ ಅವರು ತಮ್ಮ ಫೋನ್ ನಂಬರ್ ಬದಲಾಯಿಸಿದ್ದರು. ನಮ್ಮ ಪುಟ ತೆರೆದು, ನಂಬರ್ ತಿದ್ದಿ, "ಉಳಿಸಿ" ಒತ್ತಿದ್ದರು. ವಿಳಾಸದ ಪೆಟ್ಟಿಗೆ ಕೆಳಗಿತ್ತು. ಅದನ್ನು ಅವರು ಮುಟ್ಟಿಯೂ ಇರಲಿಲ್ಲ.

"ನಾನೇನು ತಪ್ಪು ಮಾಡ್ದೆ ಹೇಳಮ್ಮ? ಇನ್ನೊಂದ್ಸಲ ಹಾಗೆ ಮಾಡಲ್ಲ" ಅಂದರು.

ತಪ್ಪು ಮಾಡಿದ್ದು ನಾನು. ಆ ಪುಟದ ಕೋಡ್ ನಾನೇ ಬರೆದಿದ್ದೆ. ಆ ಕಂಪನಿಯ ಹೆಸರು ಇಲ್ಲಿ ಬೇಡ. ನಾನು ಮಾಡಿದ್ದನ್ನೇ ಬೆಂಗಳೂರಿನ ಅದೆಷ್ಟೋ ಆಫೀಸುಗಳಲ್ಲಿ ಇವತ್ತಿಗೂ ಮಾಡುತ್ತಿದ್ದಾರೆ. ಅದಕ್ಕೇ ಈ ಜಗಳ.

ನಡೆದದ್ದು ಇಷ್ಟು. ಪುಟದಲ್ಲಿ ವಿಳಾಸದ ಪೆಟ್ಟಿಗೆ ತೋರಿಸಬೇಕಿತ್ತು. ಇನ್‌ಪುಟ್ ಟ್ಯಾಗಿನ ಮೊದಲರ್ಧವನ್ನು ಒಂದು ಸ್ಟ್ರಿಂಗ್ ಆಗಿ ಬರೆದೆ. ಅದರ ಕೊನೆಯಲ್ಲಿ "ವ್ಯಾಲ್ಯೂ ಅಂದ್ರೆ ಇದು" ಅಂತ ಹೇಳಿ ಒಂದು ಡಬಲ್ ಕೋಟ್ ತೆರೆದೆ. ಅದಕ್ಕೆ ಡೇಟಾಬೇಸಿನಿಂದ ಬಂದ ವಿಳಾಸವನ್ನು ಅಂಟಿಸಿದೆ. ಆಮೇಲೆ ಕೋಟ್ ಮುಚ್ಚಿ, ಟ್ಯಾಗ್ ಮುಚ್ಚಿದೆ. ಪ್ಲಸ್, ಪ್ಲಸ್, ಮುಗೀತು. ಆದರೆ ಆ ಹಿರಿಯರ ವಿಳಾಸ ಥರ್ಡ್ "ಎ" ಕ್ರಾಸ್. "ಎ" ಸುತ್ತ ಡಬಲ್ ಕೋಟ್ ಇದೆ. ಬ್ರೌಸರ್ ಥರ್ಡ್‌ವರೆಗೂ ಓದಿತು, ಮುಂದೆ ಕೋಟ್ ಸಿಕ್ಕಿತು, ಓಹೋ ವ್ಯಾಲ್ಯೂ ಇಲ್ಲಿಗೆ ಮುಗೀತು ಅಂದುಕೊಂಡಿತು. ಎ, ಕ್ರಾಸ್, ಸ್ಟೇಜ್, ಬ್ಲಾಕ್ ಎಲ್ಲವನ್ನೂ ಏನೋ ಅರ್ಥವಿಲ್ಲದ ಗುಣಲಕ್ಷಣಗಳು ಅಂತ ತಿಳಿದು ಪಕ್ಕಕ್ಕೆ ಸರಿಸಿತು. ಪೆಟ್ಟಿಗೆಯಲ್ಲಿ ಉಳಿದದ್ದು "#27, ಥರ್ಡ್". ಉಳಿಸಿ ಒತ್ತಿದಾಗ ಉಳಿದದ್ದೂ ಅದೇ.

ನಮ್ಮ ಪರೀಕ್ಷೆಯಲ್ಲಿ ಇದು ಸಿಕ್ಕಿರಲಿಲ್ಲ. ಹೇಗೆ ಸಿಗುತ್ತೆ? ನಮ್ಮ ಟೆಸ್ಟ್ ಡೇಟಾದಲ್ಲಿದ್ದ ವಿಳಾಸ "ಟೆಸ್ಟ್ ಅಡ್ರೆಸ್ ಒನ್". ಆ ಬೀದಿಯಲ್ಲಿ ಯಾರೂ ವಾಸ ಮಾಡುವುದಿಲ್ಲ.

ನಮ್ಮ ಕಡೆಯ ವಿಳಾಸಗಳನ್ನು ಒಮ್ಮೆ ನೆನಪಿಸಿಕೊಳ್ಳಿ. ರಾಜಾಜಿನಗರದಲ್ಲಿ ಒಂದನೇ "ಎನ್" ಬ್ಲಾಕ್ ಇದೆ. ಎಷ್ಟು ಮೇನ್‌ಗಳಿಗೆ ಪಕ್ಕದಲ್ಲೇ ಒಂದು "ಎ" ಮೇನ್, ಒಂದು "ಬಿ" ಮೇನ್ ಹುಟ್ಟಿಲ್ಲ? ಅಣ್ಣತಮ್ಮಂದಿರು ಸೈಟು ಭಾಗ ಮಾಡಿಕೊಂಡರೆ 27 ಇದ್ದದ್ದು 27/1, 27/2 ಆಗುತ್ತೆ. ಮನೆ ನಂಬರಿನ ಮುಂದೆ ಹ್ಯಾಷ್ ಹಾಕದಿದ್ದರೆ ನಮಗೆ ಸಮಾಧಾನವಿಲ್ಲ. ಆ ಹ್ಯಾಷ್ ಹಾಗೇ ಯುಆರ್‌ಎಲ್ ಒಳಗೆ ಹೋದರೆ ಅದರ ನಂತರದ ಭಾಗ ಸರ್ವರ್ ತಲುಪುವುದೇ ಇಲ್ಲ. ಕೋಟ್, ಸ್ಲ್ಯಾಷ್, ಹ್ಯಾಷ್: ಹ್ಯಾಕರ್‌ಗಳು ಪುಟ ಮುರಿಯೋಕೆ ಬಳಸುವ ಚಿಹ್ನೆಗಳೆಲ್ಲ ನಮ್ಮ ತಾತಂದಿರ ಸೇಲ್ ಡೀಡಿನಲ್ಲೇ ಇವೆ. ವೆಸ್ಟ್ ಆಫ್ ಕಾರ್ಡ್ ರೋಡಿನ ಯಾವುದೇ ಮನೆಯವರು ನಿಮ್ಮ ಪುಟವನ್ನು ಮುರಿಯಬಹುದು. ಅದಕ್ಕೆ ದುರುದ್ದೇಶ ಬೇಕಿಲ್ಲ, ಸ್ವಂತ ವಿಳಾಸ ಸಾಕು.

ದುರುದ್ದೇಶ ಇದ್ದರೆ ಏನಾಗುತ್ತೆ ಅನ್ನೋದಕ್ಕೆ ಹಳೆಯ ಉದಾಹರಣೆ ಇದೆ. 2005ರ ಅಕ್ಟೋಬರಿನಲ್ಲಿ ಸ್ಯಾಮಿ ಕಾಮ್ಕರ್ ಅನ್ನೋ ಹುಡುಗ ಮೈಸ್ಪೇಸಿನ ತನ್ನ ಪ್ರೊಫೈಲಿನಲ್ಲಿ ಒಂದಿಷ್ಟು ಕೋಡ್ ತುರುಕಿದ. ಅದನ್ನು ನೋಡಿದವರ ಪ್ರೊಫೈಲಿಗೆಲ್ಲ ಆ ಕೋಡ್ ತಾನೇ ಹತ್ತಿಕೊಳ್ಳುತ್ತಾ ಹೋಯಿತು. ಒಂದು ದಿನದೊಳಗೆ ಹತ್ತು ಲಕ್ಷಕ್ಕೂ ಹೆಚ್ಚು ಜನರ ಪುಟಗಳಲ್ಲಿ ಅದು ಕೂತಿತ್ತು. ಅವನ ಕೋಡಿಗೂ ನಮ್ಮ ಹಿರಿಯರ "ಎ" ಕ್ರಾಸಿಗೂ ದಾರಿ ಒಂದೇ. ಬಳಕೆದಾರ ಬರೆದ ಪಠ್ಯವನ್ನು ಬ್ರೌಸರ್ ಪುಟದ ಅಂಗ ಅಂತ ಓದಿಕೊಂಡಿತು.

ಮೂಲ ತಪ್ಪು ಯಾವುದು? ಪುಟವನ್ನು ನಾವು ಅಕ್ಷರಗಳ ಸಾಲು ಅಂದುಕೊಂಡಿದ್ದೇವೆ. ಬ್ರೌಸರಿಗೆ ಅದು ಮರ. ಬೇರಿನಿಂದ ಕೊಂಬೆ, ಕೊಂಬೆಯಿಂದ ರೆಂಬೆ. ಫಾರ್ಮಿನ ಒಳಗೆ ಪೆಟ್ಟಿಗೆ, ಪೆಟ್ಟಿಗೆಗೆ ಒಂದು ಲೇಬಲ್. ಮರ ಕಟ್ಟಬೇಕಾದವರು ಗೋಂದು ಹಿಡಿದು ಎಲೆ ಅಂಟಿಸುತ್ತಾ ಕೂತಿದ್ದೇವೆ. ಎಲ್ಲಾ ಅಂಟಿದಂತೆ ಕಾಣುತ್ತೆ, ಗಾಳಿ ಬೀಸೋವರೆಗೂ.

ಇದಕ್ಕೆ ಪರಿಹಾರ ಹೊಸದೇನಲ್ಲ. ಪುಟದ ಪ್ರತಿ ಅಂಶವನ್ನೂ ಒಂದು ಫಂಕ್ಷನ್ ಮಾಡಿ. ಆ ಫಂಕ್ಷನ್ನಿಗೆ ಏನು ಕೊಡಬೇಕು, ಏನು ಕೊಡಬಾರದು ಅನ್ನೋದನ್ನು ಟೈಪ್ ಆಗಿ ಬರೆದಿಡಿ. ಕೋಡ್ ಓಡುವುದಕ್ಕೆ ಮುಂಚೆಯೇ ಕಂಪೈಲರ್ ಅದನ್ನು ನೋಡಿ ಸರಿ ತಪ್ಪು ಹೇಳಲಿ. 2012ರಲ್ಲಿ ಎರಡು ಭಾಷೆಗಳು ಹೊರಬಂದವು. ಒಂದು, ಇವಾನ್ ಚಾಪ್ಲಿಕ್ಕಿಯ ಎಲ್ಮ್. ಅದರ ಎಚ್‌ಟಿಎಮ್‌ಎಲ್ ಲೈಬ್ರರಿಯಲ್ಲಿ ಪ್ರತಿ ಟ್ಯಾಗೂ ಒಂದು ಫಂಕ್ಷನ್. ಸಾಮಾನ್ಯವಾಗಿ ಅದು ಎರಡು ಪಟ್ಟಿ ತಗೊಳ್ಳುತ್ತೆ, ಗುಣಲಕ್ಷಣಗಳದ್ದು ಒಂದು, ಒಳಗಿನ ಅಂಶಗಳದ್ದು ಇನ್ನೊಂದು. ಬರೀ ಪಠ್ಯ ಒಂದು ಜಾತಿ, ಪುಟದ ಅಂಶ ಇನ್ನೊಂದು ಜಾತಿ. ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸೋಕೆ ಹೋದರೆ ಕಂಪೈಲರ್ ಬಿಡುವುದಿಲ್ಲ. ಎರಡನೆಯದು ಮೈಕ್ರೋಸಾಫ್ಟಿನ ಟೈಪ್‌ಸ್ಕ್ರಿಪ್ಟ್. 2013ರಲ್ಲಿ ಫೇಸ್‌ಬುಕ್ ರಿಯಾಕ್ಟನ್ನು ಎಲ್ಲರಿಗೂ ತೆರೆದಿಟ್ಟಿತು. ನೀವು ದಿನಾ ಬರೆಯೋ ಜೆಎಸ್‌ಎಕ್ಸ್ ನೋಡೋಕೆ ಟ್ಯಾಗ್ ಥರ ಇದ್ದರೂ ಕೊನೆಗೆ ಫಂಕ್ಷನ್ ಕರೆಯೇ ಆಗುತ್ತೆ. ಟೈಪ್‌ಸ್ಕ್ರಿಪ್ಟ್ ಜೊತೆ ಸೇರಿಸಿದರೆ ಆ ಕರೆ ಸರಿಯಿದೆಯಾ ಅಂತ ನಿಮ್ಮ ಎಡಿಟರಿನಲ್ಲೇ ಗೊತ್ತಾಗುತ್ತೆ.

ಇದನ್ನು ನನಗೆ ಅರ್ಥ ಮಾಡಿಸಿದ್ದು ಕಾಮಾಕ್ಷಿಪಾಳ್ಯದ ನಮ್ಮ ಸೋದರಮಾವ. ಅವರಿಗೆ ಅಲ್ಲೊಂದು ಶೆಡ್ ಇದೆ. ಎರಡು ಲೇತ್, ಒಂದು ಡ್ರಿಲ್ಲಿಂಗ್ ಮಷೀನ್, ಆಮೇಲೆ ಸಾಲ ಮಾಡಿ ತಂದ ಒಂದು ಸೆಕೆಂಡ್‌ಹ್ಯಾಂಡ್ ಸಿಎನ್‌ಸಿ. ಇನ್ಸುಲಿನ್ ಕಥೆಯಾದ ವಾರವೇ ಅವರ ಶೆಡ್ಡಿಗೆ ಹೋಗಿದ್ದೆ. ಹುಡುಗನೊಬ್ಬ ತೂತು ಕೊರೆದ ಒಂದೊಂದೇ ಪೀಸ್ ತೆಗೆದು ಅದಕ್ಕೊಂದು ಉಕ್ಕಿನ ಕಡ್ಡಿ ತೂರಿಸಿ ನೋಡುತ್ತಿದ್ದ. ಪ್ಲಗ್ ಗೇಜ್. ಅದಕ್ಕೆ ಎರಡು ತುದಿ. ಗೋ ಅನ್ನೋ ತುದಿ ತೂತಿನೊಳಗೆ ಸಲೀಸಾಗಿ ಹೋಗಬೇಕು. ನೋ-ಗೋ ಅನ್ನೋ ತುದಿ, ಕೆಂಪು ಬಣ್ಣ ಬಳಿದದ್ದು, ಹೋಗಲೇಬಾರದು. ಎರಡೂ ಸರಿಯಿದ್ದರೆ ಪೀಸ್ ಒಂದು ಟ್ರೇಗೆ, ಇಲ್ಲದಿದ್ದರೆ ಇನ್ನೊಂದಕ್ಕೆ. ಅಳತೆ ಎಷ್ಟು ಅಂತ ಆ ಹುಡುಗ ಓದುವುದೂ ಬೇಡ, ಬರೆಯುವುದೂ ಬೇಡ.

"ಪ್ರತಿ ಪೀಸೂ ನೋಡ್ಬೇಕಾ ಮಾವ? ಟೈಮ್ ವೇಸ್ಟ್ ಆಗಲ್ವಾ?" ಅಂದೆ.

"ಇಲ್ಲಿ ಸಿಕ್ರೆ ಒಂದು ಪೀಸ್ ಸ್ಕ್ರ್ಯಾಪ್ ಕಣೇ ಪುಟ್ಟಿ. ಪಾರ್ಟಿ ಹತ್ರ ಹೋದ್ಮೇಲೆ ಸಿಕ್ರೆ ಇಡೀ ಲಾಟ್ ವಾಪಸ್" ಅಂದರು.

ಮಾವ ಪಿಯುಸಿ ದಾಟಿಲ್ಲ. ನಾವು ಎಂಜಿನಿಯರುಗಳು, ಇಂಜಿನಿಯರಿಂಗ್ ಡ್ರಾಯಿಂಗ್ ಪಾಸ್ ಮಾಡಿ ಬಂದವರು, ಪೀಸ್ ನೋಡದೆ ಪಾರ್ಟಿಗೆ ಕಳಿಸುತ್ತೇವೆ. ಅದಕ್ಕೆ ಅಜೈಲ್ ಅಂತ ಹೆಸರಿಟ್ಟಿದ್ದೇವೆ.

ಈಗ ವಾದಗಳಿಗೆ ಬರೋಣ. ವಿಜಯನಗರದಿಂದ ವೈಟ್‌ಫೀಲ್ಡಿಗೆ ಹೋಗೋ ನೇರಳೆ ಮೆಟ್ರೋದಲ್ಲಿ, ಸ್ಟ್ಯಾಂಡಪ್ಪಿನಲ್ಲಿ, ಕ್ಯಾಂಟೀನಿನಲ್ಲಿ ಇವನ್ನೆಲ್ಲ ನಾನು ಕೇಳಿಸಿಕೊಂಡಿದ್ದೇನೆ.

ಮೊದಲನೆಯದು: "ಈಗ ಫ್ರೇಮ್‌ವರ್ಕ್‌ಗಳೇ ಎಲ್ಲಾ ನೋಡ್ಕೊಳ್ತವೆ." ಅರ್ಧ ನಿಜ. ರಿಯಾಕ್ಟಿನಲ್ಲಿ ಪಠ್ಯ ಪಠ್ಯವಾಗೇ ಉಳಿಯುತ್ತೆ, "ಎ" ಕ್ರಾಸ್ ಕಳೆದುಹೋಗುವುದಿಲ್ಲ. ಆದರೆ ಒಂದು ಇಮೇಜಿಗೆ ಬದಲಿ ಪಠ್ಯ ಹಾಕದೆ ಬರೆಯಿರಿ, ಟೈಪ್‌ಸ್ಕ್ರಿಪ್ಟ್ ತುಟಿ ಬಿಚ್ಚುವುದಿಲ್ಲ. ಲೇಬಲ್ ಒಂದು ಐಡಿಗೆ, ಪೆಟ್ಟಿಗೆ ಇನ್ನೊಂದು ಐಡಿಗೆ ಇರಲಿ, ಆಗಲೂ ಇಲ್ಲ. ಕಂಪನಿಯಿಂದ ಹೋಗೋ ಇಮೇಲ್, ಬಿಲ್ಲಿನ ಪಿಡಿಎಫ್ ಇವನ್ನೆಲ್ಲ ಇನ್ನೂ ಸ್ಟ್ರಿಂಗ್ ಅಂಟಿಸಿಯೇ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಟೆಂಪ್ಲೇಟ್ ಎಂಜಿನ್‌ಗಳು ಕೋಟ್‌ಗಳನ್ನು ಸಂಭಾಳಿಸುತ್ತವೆ, ಒಪ್ಪಿದೆ. ಆದರೆ ಜ್ಯಾಂಗೋ ಟೆಂಪ್ಲೇಟಿನಲ್ಲಿ ವೇರಿಯಬಲ್ ಹೆಸರನ್ನು ತಪ್ಪಾಗಿ ಬರೆದು ನೋಡಿ. ಗಲಾಟೆಯಿಲ್ಲದೆ ಆ ಜಾಗ ಖಾಲಿ ಬರುತ್ತೆ. ಗೇಜ್ ಪೆಟ್ಟಿಗೆಯಲ್ಲಿದ್ದರೆ ಸಾಲದು, ಯಾರಾದರೂ ತೂರಿಸಿ ನೋಡಬೇಕು.

ಅದಕ್ಕೇ ನಮ್ಮದೇ ಫಂಕ್ಷನ್‌ಗಳು ಬೇಕು. "ಪೆಟ್ಟಿಗೆ" ಅಂತ ಒಂದು ಫಂಕ್ಷನ್ ಬರೆಯಿರಿ. ಅದಕ್ಕೆ ಮೂರು ಕೊಡಲೇಬೇಕು: ಲೇಬಲ್, ಭಾಷೆ, ಪಠ್ಯ. ಐಡಿಯನ್ನು ಅದು ತಾನೇ ಹುಟ್ಟಿಸಿ ಲೇಬಲಿಗೂ ಪೆಟ್ಟಿಗೆಗೂ ಗಂಟು ಹಾಕಲಿ. ಆಗ ಗಂಟು ತಪ್ಪೋಕೆ ಅವಕಾಶವೇ ಇಲ್ಲ. ಭಾಷೆಗೆ ಮನಸ್ಸಿಗೆ ಬಂದ ಸ್ಟ್ರಿಂಗ್ ಹಾಕೋ ಹಾಗಿಲ್ಲ, ಕನ್ನಡ ಅಥವಾ ಇಂಗ್ಲಿಷ್, ನೀವು ಬೆಂಬಲಿಸುವ ಭಾಷೆಗಳಲ್ಲಿ ಒಂದು. ಮೂರರಲ್ಲಿ ಒಂದು ಬಿಟ್ಟರೂ ಕೆಂಪು ಗೆರೆ ಬೀಳುತ್ತೆ, ಬಿಲ್ಡ್ ನಿಲ್ಲುತ್ತೆ. ತಂಡಕ್ಕೆ ನಿನ್ನೆ ಸೇರಿದ ಫ್ರೆಶರ್ ಕೂಡ ತಪ್ಪು ಪೆಟ್ಟಿಗೆ ಮಾಡೋಕಾಗಲ್ಲ.

ಭಾಷೆ ಯಾಕೆ ಕಡ್ಡಾಯ? ಕಣ್ಣು ಕಾಣದವರು ಪುಟವನ್ನು ಕಿವಿಯಲ್ಲಿ ಓದುತ್ತಾರೆ. ಪುಟದ ಭಾಷಾ ಗುಣಲಕ್ಷಣ ನೋಡಿ ಸ್ಕ್ರೀನ್ ರೀಡರ್ ದನಿ ಬದಲಾಯಿಸುತ್ತೆ. ಕನ್ನಡ ಪುಟಕ್ಕೆ ಇಂಗ್ಲಿಷ್ ಅಂತ ಹಣೆಪಟ್ಟಿ ಹಚ್ಚಿದರೆ ಅದು ಇಂಗ್ಲಿಷ್ ದನಿಯಲ್ಲಿ ಕನ್ನಡ ಓದೋಕೆ ಹೊರಡುತ್ತೆ. ಲೇಬಲ್ ಇಲ್ಲದಿದ್ದರೆ ಇಲ್ಲೊಂದು ಬರೆಯೋ ಪೆಟ್ಟಿಗೆ ಇದೆ ಅಂತಷ್ಟೇ ಹೇಳಿ ಸುಮ್ಮನಾಗುತ್ತೆ, ಏನು ಬರೆಯಬೇಕು ಅಂತ ಹೇಳಲ್ಲ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಪ್ರಜ್ಞಾ ಪ್ರಸೂನ್ ಪ್ರಕರಣದಲ್ಲಿ, ಡಿಜಿಟಲ್ ಸೇವೆಗಳು ಎಲ್ಲರಿಗೂ ಎಟುಕುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಅಂತ ಹೇಳಿದೆ. ಆ್ಯಸಿಡ್ ದಾಳಿಗೆ ಒಳಗಾದವರು, ದೃಷ್ಟಿಯಿಲ್ಲದವರು ಕೆವೈಸಿ ಮಾಡಿಸೋಕಾಗದೆ ಕೋರ್ಟಿಗೆ ಹೋಗಬೇಕಾಯಿತು. ಅಷ್ಟು ದೂರ ಹೋದ ಮೇಲೂ ನಮ್ಮ ಕೋಡಿನಲ್ಲಿ ಲೇಬಲ್ ಇನ್ನೂ "ಇದ್ದರೆ ಇರಲಿ" ಅನ್ನೋ ಸಾಲಿನಲ್ಲೇ ಇದೆ.

ಉದ್ದದ ವಿಷಯವೂ ಹಾಗೇ. ಲಕ್ಷ್ಮೀನಾರಾಯಣ ಅನ್ನೋ ಹೆಸರನ್ನು ಎಣಿಸಿ. ನಾವು ಬರೆಯುವುದು 6 ಅಕ್ಷರ. ಬ್ರೌಸರಿನ ಲೆಕ್ಕದಲ್ಲಿ ವ್ಯಂಜನ, ಒತ್ತು, ಸ್ವರಚಿಹ್ನೆ ಎಲ್ಲಾ ಬೇರೆ ಬೇರೆ, ಒಟ್ಟು 13. ಯುಟಿಎಫ್-8ರಲ್ಲಿ ಉಳಿಸಿದರೆ 39 ಬೈಟ್. "ಗರಿಷ್ಠ ಉದ್ದ 12" ಅಂತ ಬರೆದ ಮಹಾನುಭಾವ ಯಾವ ಅಳತೆಯಲ್ಲಿ ಹೇಳಿದ? ಅವನಿಗೇ ಗೊತ್ತಿಲ್ಲ. ಪೆಟ್ಟಿಗೆ ಮಾತ್ರ 12ಕ್ಕೆ ನಿಲ್ಲಿಸಿ ಅವರನ್ನು ಲಕ್ಷ್ಮೀನಾರಾಯ ಮಾಡಿ ಕಳಿಸುತ್ತೆ. ಡ್ರಾಯಿಂಗಿನಲ್ಲಿ ಬರೀ 12 ಅಂತ ಬರೆದು ಮಿಲಿಮೀಟರಾ ಇಂಚಾ ಅಂತ ಹೇಳದಿದ್ದರೆ ಮಾವ ಆ ಡ್ರಾಯಿಂಗ್ ವಾಪಸ್ ಕಳಿಸುತ್ತಾರೆ. ನಮ್ಮ ಫಂಕ್ಷನ್ ಕೂಡ ಬರೀ ಸಂಖ್ಯೆ ತಗೊಳ್ಳಬಾರದು. ಅಕ್ಷರದ ಉದ್ದ ಒಂದು ಟೈಪ್, ಬೈಟಿನ ಉದ್ದ ಇನ್ನೊಂದು.

ಎರಡನೆಯ ವಾದ: "ಇದೆಲ್ಲ ಸ್ಪೀಡ್ ಕಮ್ಮಿ ಮಾಡುತ್ತೆ ಗುರು." ಮಾಡುತ್ತೆ. ಮೊದಲ ಎರಡು ವಾರ ಖಂಡಿತ ಮಾಡುತ್ತೆ. ಆದರೆ ಯಾರ ಸ್ಪೀಡ್? ಆ ಹಿರಿಯರು ಎರಡು ದಿನ ಕಾದರು, ಸಪೋರ್ಟ್ ಹುಡುಗಿ ಅರ್ಧ ದಿನ ಕಳೆದಳು, ಇಂಥ ಕೋಟ್ ಇರುವ ವಿಳಾಸಗಳನ್ನೆಲ್ಲ ಹಳೆಯ ಬ್ಯಾಕಪ್ಪಿನಿಂದ ಹುಡುಕಿ ಹುಡುಕಿ ಸರಿಪಡಿಸೋಕೆ ನಾನು ಒಂದು ವಾರ ಕೂತೆ. ಅದ್ಯಾವುದೂ ನಮ್ಮ ಸ್ಪ್ರಿಂಟಿನ ಲೆಕ್ಕದಲ್ಲಿ ಬರಲಿಲ್ಲ. ನಾವು ಉಳಿಸಿದ ಸಮಯವನ್ನು ಬೇರೆಯವರ ಖಾತೆಯಿಂದ ತೆಗೆದಿರುತ್ತೇವೆ. ದೂರು ಕೊಡಲು ಬಾರದವರ ಖಾತೆಯಿಂದ ಮೊದಲು.

ಮೂರನೆಯದು: "ಈಗ ಕೋಡ್ ಬರೆಯೋದು ಎಐ, ಇನ್ಯಾಕೆ ಟೈಪು?" ಇದನ್ನು ಕೇಳಿ ನನಗೆ ಮಾವನ ಸಿಎನ್‌ಸಿ ನೆನಪಾಗುತ್ತೆ. ಅದು ಬಂದ ಮೇಲೆ ಪೀಸುಗಳು ಮೊದಲಿಗಿಂತ ಬೇಗ ಬರುತ್ತವೆ. ಆದರೆ ಗೇಜ್ ಹಿಡಿದ ಹುಡುಗ ಅಲ್ಲೇ ಇದ್ದಾನೆ, ಯಾಕೆಂದರೆ ಟೂಲ್ ಸವೆದರೆ ಮಷೀನ್ ಅಷ್ಟೇ ಬೇಗ ತಪ್ಪು ಪೀಸುಗಳನ್ನೂ ಉರುಳಿಸುತ್ತೆ. ಗಂಟೆಗೆ ಸಾವಿರ ಸಾಲು ಬರೆಯೋ ಯಂತ್ರಕ್ಕೆ ಕಡಿಮೆ ತಪಾಸಣೆ ಸಾಕು ಅನ್ನೋದು ಯಾವ ಊರಿನ ಲೆಕ್ಕ?

ನಾಲ್ಕನೆಯದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಕೋಡ್ ಹೇಳುತ್ತೆ. ಟೈಪ್ ಸರಿಹೋಗದಿದ್ದಾಗ "ಎನಿ" ಅಂತ ಬರೆದು ಮುಂದೆ ಹೋಗುವುದು. ಎನಿ ಅಂದರೆ ಗೋ ತುದಿಯನ್ನು ಅರದಿಂದ ಉಜ್ಜಿ ತೆಳ್ಳಗೆ ಮಾಡಿದ ಹಾಗೆ. ಆಗ ಎಲ್ಲಾ ತೂತಿನೊಳಗೂ ಹೋಗುತ್ತೆ. ಇನ್ನು ರಿಯಾಕ್ಟಿನಲ್ಲಿ ಪಠ್ಯವನ್ನು ನೇರ ಪುಟಕ್ಕೆ ಸುರಿಯೋ ಒಂದು ಪ್ರಾಪ್ ಇದೆ, ಅದರ ಹೆಸರೇ "ಡೇಂಜರಸ್ಲಿ" ಅಂತ ಶುರುವಾಗುತ್ತೆ. ಹೆಸರಿನಲ್ಲೇ ಅಪಾಯ ಅಂತ ಬರೆದಿದ್ದರೂ ಬಳಸಿ, ಕೋಡ್ ರಿವ್ಯೂನಲ್ಲಿ "ಆಮೇಲೆ ತೆಗಿತೀನಿ" ಅನ್ನುವವರಿಗೆ ನಾನೇನು ಹೇಳಲಿ? 2020ರಲ್ಲಿ ಕ್ರೋಮ್ 83ರ ಜೊತೆ ಟ್ರಸ್ಟೆಡ್ ಟೈಪ್ಸ್ ಬಂತು. ಅದನ್ನು ಚಾಲೂ ಮಾಡಿದರೆ ಬರೀ ಸ್ಟ್ರಿಂಗನ್ನು ಪುಟದೊಳಗೆ ಸುರಿಯೋಕೆ ಬ್ರೌಸರೇ ಬಿಡಲ್ಲ. ಬ್ರೌಸರಿಗೂ ಸಾಕಾಗಿದೆ.

ಟೈಪ್‌ಗಳ ಮಿತಿ ನನಗೆ ಗೊತ್ತು. ತೂತಿನ ಗಾತ್ರ ಸರಿಯಿದೆಯಾ ಅಂತ ಗೇಜ್ ಹೇಳುತ್ತೆ, ತೂತು ಸರಿಯಾದ ಜಾಗದಲ್ಲಿದೆಯಾ ಅಂತ ಹೇಳಲ್ಲ. ಲೇಬಲ್ ಇದೆ ಅಂತ ಕಂಪೈಲರ್ ಖಾತ್ರಿ ಮಾಡುತ್ತೆ, ಆ ಲೇಬಲ್ "ಕಬಕಬ" ಅಂತಿದ್ದರೆ ಅದಕ್ಕೇನೂ ತಿಳಿಯಲ್ಲ. ಟೈಪ್‌ಸ್ಕ್ರಿಪ್ಟಿನ ಟೈಪ್‌ಗಳು ಬ್ರೌಸರಿಗೆ ಹೋಗೋ ಹೊತ್ತಿಗೆ ಅಳಿಸಿಹೋಗಿರುತ್ತವೆ, ಹಾಗಾಗಿ ಸರ್ವರಿನಿಂದ ಬರೋ ಡೇಟಾವನ್ನು ಬಾಗಿಲಲ್ಲೇ ಬೇರೆಯಾಗಿ ಪರೀಕ್ಷಿಸಬೇಕು. ಕಣ್ಣು ಕಾಣದ ಒಬ್ಬರನ್ನು ಕೂರಿಸಿ ನಿಮ್ಮ ಪುಟ ಬಳಸಿಸಿ ನೋಡುವುದಕ್ಕೆ ಯಾವ ಟೈಪೂ ಬದಲಿಯಾಗಲ್ಲ. ಆದರೆ ಯಂತ್ರ ಹಿಡಿಯಬಹುದಾದ ತಪ್ಪನ್ನು ಯಂತ್ರಕ್ಕೆ ಬಿಟ್ಟರೆ ತಾನೆ ಉಳಿದದ್ದನ್ನು ನೋಡೋಕೆ ನಿಮಗೆ ಪುರುಸೊತ್ತು?

ಹಾಗಾಗಿ ಕೇಳುವುದು ದೊಡ್ಡದೇನಲ್ಲ. ಇಡೀ ಕೋಡ್‌ಬೇಸ್ ತಿರುಗಿ ಬರೆಯಬೇಡಿ. ಈ ಸೋಮವಾರ ಒಂದು ಫಾರ್ಮ್ ಆರಿಸಿಕೊಳ್ಳಿ. ಅದರಲ್ಲಿ ಸ್ಟ್ರಿಂಗ್ ಅಂಟಿಸಿರೋ ಜಾಗ ಹುಡುಕಿ, ಫಂಕ್ಷನ್ ಮಾಡಿ. ಲೇಬಲ್ ಮತ್ತು ಭಾಷೆಯನ್ನು ಕಡ್ಡಾಯ ಮಾಡಿ. ಎಷ್ಟು ಕೆಂಪು ಗೆರೆ ಬರುತ್ತೆ ಅಂತ ಎಣಿಸಿ. ಆ ಒಂದೊಂದು ಗೆರೆಯೂ ಇಷ್ಟು ದಿನ ಯಾರದೋ ಮನೆಯಲ್ಲಿ ಬೀಳುತ್ತಿತ್ತು.

ಅವತ್ತು ಆ ಹಿರಿಯರಿಗೆ "ನಿಮ್ಮದೇನೂ ತಪ್ಪಿಲ್ಲ ಸಾರ್, ತಪ್ಪು ನಮ್ಮದು" ಅಂದೆ. ಅವರು ನಂಬಲಿಲ್ಲ. "ಇಲ್ಲಮ್ಮ, ನಾನೇ ಏನೋ ಒತ್ತಿರಬೇಕು, ವಯಸ್ಸಾಯ್ತು ನೋಡು" ಅಂದರು. ಇನ್ಸುಲಿನ್ ಅವತ್ತು ಸಂಜೆಯೇ ತಲುಪಿತು. ಆದರೆ ನಮ್ಮ ಕಳಪೆ ಕೆಲಸದಿಂದ ಒಬ್ಬರು ತಮ್ಮ ಕೈ ಮೇಲೆ, ತಮ್ಮ ನೆನಪಿನ ಮೇಲೆ ಅನುಮಾನಪಟ್ಟರಲ್ಲ, ಅದನ್ನು ವಾಪಸ್ ತಗೊಳ್ಳೋಕೆ ನನಗೆ ಇವತ್ತಿಗೂ ದಾರಿ ಸಿಕ್ಕಿಲ್ಲ.

ಆಮೇಲೆ ಎರಡು ಕಂಪನಿ ಬದಲಾಯಿಸಿದ್ದೇನೆ. ಎಲ್ಲಿ ಹೋದರೂ ಟೆಸ್ಟ್ ಡೇಟಾದಲ್ಲಿ ಮೊದಲು ಸೇರಿಸೋ ವಿಳಾಸ ಒಂದೇ. #27, ಥರ್ಡ್ "ಎ" ಕ್ರಾಸ್.